ಮ್ಯಾನೇಜರ್ ಫೈಲು

ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೋದ ವಾರ ಮತ್ತೊಬ್ಬ ಹೊಸ ಮ್ಯಾನೇಜರ್ ಬಂದ. ಇವನು ಎಷ್ಟನೆಯವನು ಎಂದು ಎಣಿಸುವುದನ್ನು ನಾನು ಯಾವಾಗಲೋ ಬಿಟ್ಟಿದ್ದೇನೆ. ಸುದ್ದಿ ಗೊತ್ತಾದ ಕೂಡಲೇ ಗೆಳೆಯ ಇಕ್ಬಾಲ್ ಧಾರವಾಡದಿಂದ ಫೋನ್ ಮಾಡಿ ಬೈಯಲು ಶುರುಮಾಡಿದ. ಮ್ಯಾನೇಜರನಿಗೆ ಐದು ನಿಮಿಷ, ಮಾಲೀಕರಿಗೆ ಹತ್ತು ನಿಮಿಷ. ಬೈದು ಸುಸ್ತಾದ ಮೇಲೆ ಇಬ್ಬರೂ ಸುಮ್ಮನಾದೆವು. ಆ ಹೊತ್ತಿನಲ್ಲಿ ಮೂರನೆಯವರೊಬ್ಬರು ಗಂಟಲು ಸರಿಮಾಡಿಕೊಂಡು “ಒಂದು ಸೀಸನ್ ಕೊಟ್ಟು ನೋಡೋಣ ಕಣ್ರೀ” ಎಂದು ನಮ್ಮಿಬ್ಬರ ಪಿತ್ತ ನೆತ್ತಿಗೇರಿಸಬೇಕಿತ್ತು. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ ಮೊದಲು ಲಿಖಿತ ಒಪ್ಪಿಗೆ ಕೇಳು ಎನ್ನುತ್ತಿದ್ದರು, ಕೇಳಿದರೆ ಒಪ್ಪಿಗೆ ಕೊಡಲು ಮೂರು ತಿಂಗಳು ತೆಗೆದುಕೊಳ್ಳುತ್ತಿದ್ದರು. ದಿಲ್ಲಿಯಲ್ಲಿ, ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್ ಆಗಿದ್ದರು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೊದಲ ಮಹಡಿ ಮನೆ. ಮೂಲ ಊರು ಬೆಂಗಳೂರಿನ ಆಸ್ಟಿನ್ ಟೌನ್. ಅಲ್ಲಿ ಹುಟ್ಟಿದ ಮಕ್ಕಳಿಗೆ ನಡೆಯುವುದಕ್ಕಿಂತ ಮೊದಲು ಒದೆಯುವುದು ಬರುತ್ತದೆ ಎಂದು ಅವರೇ ಹೇಳುತ್ತಿದ್ದರು. ನಾನೂ ಇಕ್ಬಾಲನೂ ಆಗ ಪಿಎಚ್‌ಡಿ ಮಾಡುತ್ತ ಮುನಿರ್ಕಾದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಎರಡು ಸಾವಿರದ ಐದಾರರ ಸುಮಾರು. ನಾನು ತುಮಕೂರಿನವನು, ನನಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ.

ಹಾಗಿದ್ದವನು ಈ ಗೋಳಿಗೆ ಸಿಕ್ಕಿಕೊಂಡದ್ದು ಒಂದು ಜೆರ್ಸಿಯಿಂದ. ಸರೋಜಿನಿ ಮಾರ್ಕೆಟ್ಟಿನಲ್ಲಿ ನೆಲದ ಮೇಲೆ ರಾಶಿ ಹಾಕಿಕೊಂಡು ಎಕ್ಸ್‌ಪೋರ್ಟ್ ಬಟ್ಟೆ ಮಾರುವ ಭಯ್ಯಾಗಳಿರುತ್ತಾರಲ್ಲ, ಅಂಥ ರಾಶಿಯೊಂದರಲ್ಲಿ ಸಿಕ್ಕಿದ ಜೆರ್ಸಿ. ಒಂದು ತೋಳಿನ ಹೊಲಿಗೆ ಬಿಟ್ಟಿತ್ತು, ಅದಕ್ಕೇ ಅಗ್ಗ. ಅದನ್ನು ಹಾಕಿಕೊಂಡು ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದೆ. ಹೋಳಿಗೆಯ ಸಾಲಿನಲ್ಲಿ ಹಿಂದೆ ನಿಂತವರು ಬೆನ್ನು ತಟ್ಟಿ, “ನೀವು ನಮ್ಮವರಾ?” ಅಂದರು. ಜಾತಿ ಕೇಳುತ್ತಿದ್ದಾರೆ ಎಂದುಕೊಂಡು ನನಗೆ ರೇಗಿಹೋಯಿತು. “ಅಲ್ಲ ಸಾರ್” ಎಂದೆ ಬಿಗಿಯಾಗಿ. “ಮತ್ತೆ ಇದು?” ಎಂದು ಜೆರ್ಸಿಯ ಮೇಲಿನ ಲಾಂಛನಕ್ಕೆ ಬೆರಳಿಟ್ಟರು. ಸಣ್ಣ ಆಳು, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆ ಕ್ಲಬ್ಬು ಯಾವುದು, ಇಂಗ್ಲೆಂಡಿನ ಯಾವ ಮೂಲೆಯಲ್ಲಿದೆ ಎಂದು ಹೋಳಿಗೆ ಸಿಗುವಷ್ಟರಲ್ಲಿ ಹೇಳಿದರು. ತಟ್ಟೆ ಹಿಡಿದು ಕೂತ ಮೇಲೆ ಮಾಲೀಕರ ಕಥೆ ಹೇಳಿದರು. ಮಜ್ಜಿಗೆ ಬರುವ ಹೊತ್ತಿಗೆ ಶನಿವಾರ ಮನೆಗೆ ಬರಬೇಕು ಎಂದು ತೀರ್ಮಾನವೇ ಆಗಿಹೋಗಿತ್ತು. ಒಬ್ಬನೇ ಹೋಗಲು ಹೆದರಿ ಇಕ್ಬಾಲನನ್ನು ಎಳೆದುಕೊಂಡು ಹೋದೆ.

ಆ ಕ್ಲಬ್ಬು ದೊಡ್ಡದೇನಲ್ಲ. ಗೆದ್ದು ಮೆರೆಯುವಂಥ ಕ್ಲಬ್ಬುಗಳು ಬೇಕಾದಷ್ಟಿದ್ದವು, ನಮ್ಮ ವಿಶ್ವವಿದ್ಯಾಲಯದ ಹುಡುಗರೆಲ್ಲ ಅವುಗಳ ಹಿಂದೆಯೇ ಇದ್ದರು. ಇವರು ಮಾತ್ರ ಪಟ್ಟಿಯ ನಡುವಿನಿಂದ ಕೆಳಕ್ಕೆ, ಕೆಳಗಿನಿಂದ ನಡುವಿಗೆ ತೂಗುವ ಈ ಕ್ಲಬ್ಬನ್ನು ಹಿಡಿದಿದ್ದೇಕೆ ಎಂದು ಇಕ್ಬಾಲ್ ಮೊದಲ ದಿನವೇ ಕೇಳಿದ. ಅವರು ಎದ್ದು ಹೋಗಿ ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ತಂದರು. ಹೈಸ್ಕೂಲಿನಲ್ಲಿದ್ದಾಗ ಇಂಗ್ಲೆಂಡಿನ ಏಳು ಕ್ಲಬ್ಬುಗಳಿಗೆ ತಂಡದ ಫೋಟೋ ಕಳಿಸಿ ಎಂದು ಪತ್ರ ಬರೆದಿದ್ದರಂತೆ. ಆರು ಕ್ಲಬ್ಬುಗಳು ತುಟಿ ಬಿಚ್ಚಲಿಲ್ಲ. ಈ ಒಂದು ಕ್ಲಬ್ಬಿನ ಕಾರ್ಯದರ್ಶಿ ಎರಡು ಸಾಲು ಟೈಪು ಮಾಡಿ ಕಳಿಸಿದ್ದ: ನಿಮ್ಮ ಪತ್ರ ತಲುಪಿದೆ, ಫೋಟೋ ಸದ್ಯ ಇಲ್ಲ. ಅಷ್ಟೆ. ಫೋಟೋ ಕೂಡ ಇಲ್ಲ.

“ತಲುಪಿದೆ ಅಂತ ಬರೆದ್ರಲ್ರೀ,” ಅಂದರು. “ಆಸ್ಟಿನ್ ಟೌನಿನ ಒಬ್ಬ ಹುಡುಗನಿಗೆ.”

ಇದನ್ನು ಕೇಳಿ ನಾನೂ ಇಕ್ಬಾಲನೂ ಮುಖ ಮುಖ ನೋಡಿಕೊಂಡೆವು. ಇಂಥ ಕಾರಣಕ್ಕೆ ಒಬ್ಬ ಮನುಷ್ಯ ನಲವತ್ತು ವರ್ಷ ಸೋಲುವ ತಂಡದ ಜೊತೆ ಇರುತ್ತಾನೆಯೇ ಎಂದು ನನಗೆ ಆಗ ಸಿಟ್ಟೇ ಬಂತು. ಆಮೇಲೆ ನಾನೂ ಇದ್ದೆನಲ್ಲ, ನನಗಂತೂ ಅಂಥ ಕಾಗದವೂ ಬಂದಿರಲಿಲ್ಲ.

ಶನಿವಾರದ ಪದ್ಧತಿ ಹೀಗೆ. ನಮ್ಮ ಕ್ಲಬ್ಬಿನ ಆಟವನ್ನು ಟೀವಿಯಲ್ಲಿ ತಿಂಗಳಿಗೆ ಒಮ್ಮೆ ತೋರಿಸಿದರೆ ಪುಣ್ಯ. ಉಳಿದ ವಾರಗಳಲ್ಲಿ ಬೇರೆ ಯಾರದೋ ಆಟ ನಡೆಯುತ್ತಿರುವಾಗ ತೆರೆಯ ಕೆಳಗೆ ಓಡುವ ಪಟ್ಟಿಯಲ್ಲಿ ನಮ್ಮ ಸ್ಕೋರು ಬರುವುದನ್ನು ಕಾಯಬೇಕು. ಎರಡು ಗಂಟೆ ಆ ಪಟ್ಟಿ ನೋಡಿ ನೋಡಿ ನನಗೆ ಕಣ್ಣು ಉರಿ ಬರುತ್ತಿತ್ತು. ಅವರು ಮಾತ್ರ ಪಂಚೆ ಮೇಲಕ್ಕೆ ಕಟ್ಟಿ, ದಿಲ್ಲಿಯವರು ಮೋಡಾ ಎನ್ನುವ ಬೆತ್ತದ ಪೀಠದ ಮೇಲೆ ನೆಟ್ಟಗೆ ಕೂತಿರುತ್ತಿದ್ದರು. ನಾವು ಗೋಲು ಹೊಡೆದರೂ ಕೂಗುತ್ತಿರಲಿಲ್ಲ, ನಮಗೆ ಗೋಲು ಬಿದ್ದರೂ ಕೂಗುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ “ಹ್ಞಾಂ, ನೋಟೆಡ್” ಎನ್ನುತ್ತಿದ್ದರು. ಕಾಲೇಜಿಗೆ ಹೋಗುತ್ತಿದ್ದ ಮಗಳು ಪಲ್ಲವಿ ಕೋಣೆಯಿಂದ ತಲೆ ಹಾಕಿ “ಪಾಪಾ, ಫಿರ್ ಸೆ ಹಾರ್ ಗಯೇ?” ಎಂದು, ಮತ್ತೆ ಸೋತಿರಾ ಎಂದು ಹಿಂದಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗುತ್ತಿದ್ದಳು. ಅವರ ಹೆಂಡತಿ, ನಮಗೆ ಆಂಟಿ, ಅವಲಕ್ಕಿ ಕೊಡುತ್ತಿದ್ದರು. ಸೋತ ದಿನ ಎರಡನೆಯ ಸಲವೂ ಕೊಡುತ್ತಿದ್ದರು, ಆದ್ದರಿಂದ ನಾವು ಆ ಮನೆಯಲ್ಲಿ ಹಸಿದು ಎದ್ದದ್ದೇ ಇಲ್ಲ.

ಆಟ ಮುಗಿದ ಮೇಲೆ ಜಗಳ ಆಡುವುದು ಅಭಿಮಾನಿಗಳ ಧರ್ಮ. ಆದರೆ ಆ ಮನೆಯಲ್ಲಿ ಬಾಯಿಗೆ ಬಂದಂತೆ ಜಗಳ ಆಡುವ ಹಾಗಿರಲಿಲ್ಲ. ಅದಕ್ಕೊಂದು ಫೈಲು ಇತ್ತು. ದಫ್ತರಿನಲ್ಲಿ ಬಳಸುವಂಥದೇ ರಟ್ಟಿನ ಕವರು, ಒಳಗೆ ಟ್ಯಾಗಿನಲ್ಲಿ ಪೋಣಿಸಿದ ಹಸಿರು ನೋಟ್‌ಶೀಟು. ಆಫೀಸಿನ ಒಂದು ಗುಂಡುಪಿನ್ನನ್ನೂ ಮನೆಗೆ ತಾರದ ಮನುಷ್ಯ, ಇದನ್ನೆಲ್ಲ ಸ್ವಂತ ದುಡ್ಡಿನಲ್ಲಿ ಸ್ಟೇಷನರಿ ಅಂಗಡಿಯಿಂದ ಕೊಳ್ಳುತ್ತಿದ್ದರು. ಮೊದಲು ಇಕ್ಬಾಲ್, ಆಮೇಲೆ ನಾನು ಅಂದಿನ ಆಟದ ಬಗ್ಗೆ, ಮ್ಯಾನೇಜರ್ ಬಗ್ಗೆ, ಮಾಲೀಕರ ಬಗ್ಗೆ ಅಭಿಪ್ರಾಯ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಬೇಕು. ಮೇಲಕ್ಕೆ ಎಂದರೆ ಮೋಡಾದ ಮೇಲೆ ಕೂತ ಅವರಿಗೆ. ಅವರು ಓದಿ, ಕೆಳಗೆ ‘ಸಹಮತ’ ಅಥವಾ ‘ಸಹಮತವಿಲ್ಲ’ ಎಂದು ಬರೆದು ಕಾರಣ ಕೊಡುತ್ತಿದ್ದರು. ಎಲ್ಲವೂ ಕನ್ನಡದಲ್ಲಿ. ದಿನವಿಡೀ ಇಂಗ್ಲಿಷ್, ಹಿಂದಿಯಲ್ಲಿ ಬರೆದು ಕೈ ಜಡ್ಡುಗಟ್ಟಿದೆ, ಶನಿವಾರವಾದರೂ ನನ್ನ ಭಾಷೆಯಲ್ಲಿ ನೋಟ್ ಬರೆಯಲು ಬಿಡಿ ಎನ್ನುತ್ತಿದ್ದರು. ಸೀಸನ್ ಮುಗಿದಾಗ ಎಲ್ಲರ ಅಭಿಪ್ರಾಯದ ಸಾರ ತೆಗೆದು ಇಂಗ್ಲಿಷಿನಲ್ಲಿ ಒಂದು ಪತ್ರ ಮಾಡಿ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುವುದು.

ಈ ಮಾಲೀಕರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅಣ್ಣತಮ್ಮ ಇಬ್ಬರು, ಅಪ್ಪ ಟೈರು ಮಾರಿ ಗಳಿಸಿದ್ದರಲ್ಲಿ ಕ್ಲಬ್ಬು ಕೊಂಡವರು. ವರ್ಷಕ್ಕೆ ಎರಡು ಸಲ ಕ್ರೀಡಾಂಗಣಕ್ಕೆ ಬರುತ್ತಿದ್ದರು, ಅದೂ ಅರ್ಧ ಆಟಕ್ಕೆ ಎದ್ದು ಹೋಗುತ್ತಿದ್ದರು. ಇದ್ದ ಒಬ್ಬ ಒಳ್ಳೆಯ, ಗೋಲು ಹೊಡೆಯುವ ಫಾರ್ವರ್ಡ್ ಆಟಗಾರನನ್ನು ಮಾರಿದರು. ಊರಿನ ಜನ ಕಪ್ಪು ಮಫ್ಲರು ಹಿಡಿದು ಪ್ರತಿಭಟನೆ ಮಾಡಿದರೆ ಅಂಥವರನ್ನು ಒಳಗೆ ಬಿಡಬೇಡಿ ಎಂದರು. ನನಗೂ ಇಕ್ಬಾಲನಿಗೂ ಇದೆಲ್ಲ ಸಿಟ್ಟು. ಅವರಿಗೆ ಸಿಟ್ಟು ಬೇರೆಯದಕ್ಕೆ. ಹಳೆಯ ಮಾಲೀಕರಿದ್ದಾಗ ಅವರ ವಾರ್ಷಿಕ ಪತ್ರಕ್ಕೆ ‘ತಲುಪಿದೆ’ ಎಂದು ಕಾರ್ಡು ಬರುತ್ತಿತ್ತಂತೆ. ಈ ಅಣ್ಣತಮ್ಮ ಬಂದ ಮೇಲೆ ನಿಂತುಹೋಗಿತ್ತು.

“ಆಟಗಾರನ್ನ ಮಾರಲಿ, ಅವರ ಆಸ್ತಿ. ಪತ್ರ ಬಂತು ಅಂತ ಹೇಳೋಕೇನು ಕಷ್ಟ?” ಎಂದು ಅವರು ತಲೆ ಅಲ್ಲಾಡಿಸುತ್ತಿದ್ದರು. ಮನೆಗೆ ಬೆಂಕಿ ಬಿದ್ದಾಗ ಕರೆಗಂಟೆ ಕೆಟ್ಟಿದೆ ಎಂದು ಚಿಂತೆ ಮಾಡುವವರ ಜೊತೆ ವಾದ ಮಾಡುವುದು ಹೇಗೆ?

ಆ ಮಾಲೀಕರು ಆ ವರ್ಷ ಸೀಸನ್ ನಡುವೆ ತಂದ ಹೊಸ ಮ್ಯಾನೇಜರನ ಮೇಲೆಯೇ ನಮ್ಮ ದೊಡ್ಡ ಜಗಳ. ಕೆಳಗಿನ ದರ್ಜೆಯ ಕ್ಲಬ್ಬಿನಿಂದ ಬಂದವನು. ಐದು ಜನರನ್ನು ಗೋಲಿನ ಮುಂದೆ ಗೋಡೆಯ ಹಾಗೆ ನಿಲ್ಲಿಸಿ ಆಡಿಸುತ್ತಿದ್ದ. ಗೆಲ್ಲದಿದ್ದರೂ ಪರವಾಗಿಲ್ಲ, ಹೀನಾಯವಾಗಿ ಸೋಲಬಾರದು ಎಂಬ ಆಟ. ಇಕ್ಬಾಲನ ವಾದ ಸರಳ: “ಸರ, ಐದು ಮಂದಿ ಹಿಂದ ನಿಂತ್ರ ಗೋಲ್ ಹೊಡಿಯಾವ್ರು ಯಾರ್ರೀ?” ನನ್ನ ಪ್ರಕಾರ ಅವನು ಮಾಲೀಕರ ಬಾಲ, ಅವರು ಆಟಗಾರರನ್ನು ಮಾರಿದ ಪಾಪಕ್ಕೆ ಪರದೆ ಎಳೆಯಲು ತಂದವನು. ಪ್ರತಿ ಶನಿವಾರ ನಾನು ಅವನನ್ನು ಕಿತ್ತುಹಾಕಿ ಎಂದು ಬರೆಯುತ್ತಿದ್ದೆ. ಪ್ರತಿ ಶನಿವಾರ ಅವರು ಕೆಳಗೆ ‘ಸಹಮತವಿಲ್ಲ. ಒಂದು ಪೂರ್ಣ ಸೀಸನ್ ಕೊಡಬಹುದು’ ಎಂದು ಬರೆಯುತ್ತಿದ್ದರು. ಅಕ್ಷರ ಒಂದೂ ಆಚೀಚೆ ಇಲ್ಲ. ಒಂದು ದಿನ ನಾನು ತಡೆಯಲಾರದೆ, ಸಾರ್ ಒಂದು ರಬ್ಬರ್ ಸ್ಟಾಂಪು ಮಾಡಿಸಿಬಿಡಿ, ಇಂಕಾದರೂ ಉಳಿಯುತ್ತೆ ಎಂದೆ. ಬೇಜಾರು ಮಾಡಿಕೊಳ್ಳಲಿಲ್ಲ. ಪ್ರತಿ ಕೇಸನ್ನೂ ಹೊಸದಾಗಿ ಪರಿಶೀಲಿಸಿಯೇ ಬರೆಯುತ್ತಿದ್ದೇನೆ ಎಂದರು.

ಈ ತಾಳ್ಮೆ ಅವರಿಗೆ ಎಲ್ಲಿಂದ ಬಂತು ಎಂದು ಹೇಳಬೇಕು. ಹತ್ತೊಂಬತ್ತು ವರ್ಷದಿಂದ ಅಸಿಸ್ಟೆಂಟ್ ಆಗಿ ಒಂದೇ ಕುರ್ಚಿಯಲ್ಲಿ ಕೂತು ಸೆಕ್ಷನ್ ಆಫೀಸರ್ ಬಡ್ತಿಗೆ ಕಾಯುತ್ತಿದ್ದರು. ಒಮ್ಮೆ ಸೀನಿಯಾರಿಟಿ ಕೇಸು ಕೋರ್ಟಿಗೆ ಹೋಯಿತು, ಇನ್ನೊಮ್ಮೆ ಹುದ್ದೆಯೇ ರದ್ದಾಯಿತು. ಆ ಬೇಸಿಗೆಯಲ್ಲಿ ಬಡ್ತಿ ಸಮಿತಿ ಕೂರುವುದು ಖಚಿತವಾಗಿತ್ತು, ಪಟ್ಟಿಯಲ್ಲಿ ಅವರ ಹೆಸರೇ ಮೊದಲು. ರಿಟೈರಾಗಲು ಮೂರೇ ವರ್ಷ ಇದ್ದದ್ದರಿಂದ ಅದು ಕೊನೆಯ ಅವಕಾಶ. ಬಡ್ತಿ ಬಂದರೆ ನಿಮಗೆ ಏನು ಸಿಗುತ್ತದೆ ಎಂದು ನಾನು ಕೇಳಿದ್ದೆ. ಸಂಬಳದ ಮಾತು ಅವರು ಎತ್ತಲಿಲ್ಲ. ಪ್ಲೈವುಡ್ಡಿನ ಒಂದು ಕ್ಯಾಬಿನ್ನು, ಅದರ ಬಾಗಿಲ ಮೇಲೆ ಹೆಸರಿನ ಹಲಗೆ ಎಂದರು. ಆಂಟಿ ಆಗಲೇ ಬೆಂಗಳೂರಿನ ನೆಂಟರಿಗೆಲ್ಲ ಫೋನು ಮಾಡಿ ಹೇಳಿಬಿಟ್ಟಿದ್ದರು.

ಏಪ್ರಿಲ್‌ನ ಆ ಶನಿವಾರ ಆಟ ಸಂಜೆಗೇ ಇತ್ತು, ಟೀವಿಯಲ್ಲೂ ತೋರಿಸಿದರು. ನೋಡದಿದ್ದರೇ ಚೆನ್ನಾಗಿತ್ತು. ಎರಡು ಗೋಲು ಮುಂದಿದ್ದೆವು. ಉಳಿದ ಇಪ್ಪತ್ತು ನಿಮಿಷಕ್ಕೆ ಆ ಮಹಾನುಭಾವ ಇದ್ದೊಬ್ಬ ಫಾರ್ವರ್ಡನ್ನೂ ಹೊರಗೆ ಕರೆದು ಇನ್ನೊಬ್ಬ ಡಿಫೆಂಡರನ್ನು ಇಳಿಸಿದ. ಮೂರು ಗೋಲು ತಿಂದು ಸೋತೆವು. ಸೀಟಿ ಊದಿದ ಕೂಡಲೇ ಕರೆಂಟು ಹೋಯಿತು. ಅವರು ಇಡೀ ಬ್ಲಾಕಿಗೇ ಹೋಗಿದೆಯಾ ಎಂದು ನೋಡಲು ಬಾಲ್ಕನಿಗೆ ಹೋದರು. ಇಕ್ಬಾಲ್ ಊರಿಗೆ ಹೋಗಿದ್ದ, ಆ ದಿನ ಇರಲಿಲ್ಲ. ನಾನು ಎಮರ್ಜೆನ್ಸಿ ದೀಪದ ಮಿಣುಕು ಬೆಳಕಿನಲ್ಲಿ ಊಟದ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಫೈಲು ಎಳೆದುಕೊಂಡು, ಖಾಲಿ ಹಸಿರು ಹಾಳೆ ಕಂಡದ್ದೇ ಬರೆಯಲು ಕೂತೆ. ಎರಡು ಪುಟ ಬರೆದೆ. ಮಾಲೀಕರು ಚೆಂಡಿಗೂ ಕುಂಬಳಕಾಯಿಗೂ ವ್ಯತ್ಯಾಸ ಗೊತ್ತಿಲ್ಲದ ದಂಡಪಿಂಡಗಳು, ಮ್ಯಾನೇಜರ್ ಅವರ ಬೂಟು ಒರೆಸುವವನು, ಇವನಿಗೆ ಇನ್ನೊಂದು ಸೀಸನ್ ಕೊಡುವವರ ತಲೆಯಲ್ಲಿ ಮೆದುಳಿನ ಬದಲು ಫೈಲಿನ ದಾರ ಇದೆ. ಈ ಕೊನೆಯ ಮಾತು ಅವರಿಗೇ ಬರೆದದ್ದು. ಬರೆದು, ಸಹಿ ಗೀಚಿ, ಅಪರೂಪಕ್ಕೆ ಶಿಸ್ತು ತೋರಿಸೋಣ ಎಂದು ಫೈಲಿಗೆ ಅವರು ಕಟ್ಟುವ ಹಾಗೆಯೇ ಲಾಡಿ ಕಟ್ಟಿಟ್ಟು ಬಂದೆ.

ಅದು ನಮ್ಮ ಫೈಲು ಆಗಿರಲಿಲ್ಲ. ಬೇಸಿಗೆ ತಲೆಯ ಮೇಲೆ ಬಂದಿದೆ, ಆಫೀಸಿನ ಕೂಲರುಗಳ ರಿಪೇರಿಗೆ ಸೋಮವಾರವೇ ಮಂಜೂರಾತಿ ಬೇಕು ಎಂದು ಮೇಲಿನವರು ಅವಸರ ಮಾಡಿದ್ದರಿಂದ, ಜೀವಮಾನದಲ್ಲಿ ಮೊದಲ ಸಲ ಅವರು ಅನುಮತಿ ಕೇಳಿಕೊಂಡು ಒಂದು ಸರ್ಕಾರಿ ಫೈಲನ್ನು ಮನೆಗೆ ತಂದಿದ್ದರು. ನೋಟ್ ಬರೆದು ಮುಗಿಸಿ, ಮೇಲಿನವರು ಬರೆಯಲಿ ಎಂದು ಕೊನೆಗೊಂದು ಖಾಲಿ ಹಾಳೆ ಪೋಣಿಸಿ, ಇಂಕು ಆರಲಿ ಎಂದು ಬಿಚ್ಚಿಟ್ಟಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಲಾಡಿ ಕಟ್ಟಿದೆ. ತಾವೇ ಕಟ್ಟಿರಬೇಕು ಎಂದುಕೊಂಡು ಹಾಗೆಯೇ ಮೇಲಕ್ಕೆ ಕಳಿಸಿದರು. ಕೂಲರ್ ಫೈಲಿನಲ್ಲಿ ನನ್ನ ಎರಡು ಪುಟ ಕನ್ನಡ ಡೆಪ್ಯುಟಿ ಸೆಕ್ರೆಟರಿಯ ಮೇಜಿಗೆ ಹೋಯಿತು.

ನನಗೆ ಇದು ಗೊತ್ತಾದದ್ದು ಬುಧವಾರ. ಸಂಜೆ ಮೊಬೈಲಿಗೆ ಅವರ ಫೋನು ಬಂತು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ.

“ಏನ್ರೀ ಸ್ಕಾಲರ್, ದಂಡಪಿಂಡ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನು ಬರೀಬೇಕು?”

ನಾನು ನಗುತ್ತ, ಮಾಲೀಕರಿಗೆ ಪತ್ರ ಬರೆಯುತ್ತಿದ್ದೀರಾ ಸಾರ್ ಎಂದು ಕೇಳಿದೆ. ಅವರು ವಿಷಯ ಹೇಳಿದರು. ಇದ್ದ ಬಟ್ಟೆಯಲ್ಲೇ ಆಟೋ ಹಿಡಿದು ಸರೋಜಿನಿ ನಗರಕ್ಕೆ ಓಡಿದೆ.

ಮೋಡಾದ ಮೇಲೆ ಕೂತು ನನ್ನ ಎರಡು ಪುಟಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದರು. ಮನೆಗೆ ತಂದದ್ದು ಪುಟಗಳ ಜೆರಾಕ್ಸು ಮಾತ್ರ, ಫೈಲನ್ನು ಇನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದರು. ಡೆಪ್ಯುಟಿ ಸೆಕ್ರೆಟರಿ ಒಳ್ಳೆಯ ಮನುಷ್ಯ. ಲಿಪಿ ತಿಳಿಯದೆ ಹಾಳೆಯ ಬದಿಗೆ ‘ಇದೇನು?’ ಎಂದು ಬರೆದು ಸಹಿ ಹಾಕಿ ಕಳಿಸಿದ್ದ. ಆಮೇಲೆ ಖುದ್ದಾಗಿ ಕರೆದು, ಮನೆಯ ಕಾಗದ ಏನೋ ಸೇರಿಕೊಂಡಿರಬೇಕು, ಕಿತ್ತುಹಾಕಿ ಬೇರೆ ಹಾಳೆ ಹಾಕಿ ಎಂದೂ ಹೇಳಿದ್ದ. ಅಷ್ಟಾದರೆ ಮುಗಿಯಿತಲ್ಲ. ಆ ಕಟ್ಟಡದಲ್ಲಿ ಕನ್ನಡ ಬಲ್ಲವರು ಇವರೊಬ್ಬರೇ. ಹಾಳೆ ಕೀಳುವುದೂ ಬೇಡ, ಊರಿಗೆ ಒಯ್ಯುವ ಸಾಮಾನಿನ ಪಟ್ಟಿ ಎಂದಿದ್ದರೂ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನಾನು ಅದನ್ನೇ ಹೇಳಿದೆ. ಕೈ ಮುಗಿದು ಹೇಳಿದೆ. ಬಡ್ತಿ ಸಮಿತಿ ಎರಡು ವಾರದಲ್ಲಿ ಕೂರುತ್ತೆ ಸಾರ್, ಆ ಹಾಳೆ ಕಿತ್ತುಬಿಡಿ ಎಂದೆ.

“ಪುಟಸಂಖ್ಯೆ ಬಿದ್ದಿದೆಯಲ್ರೀ,” ಅಂದರು, ಮಗುವಿಗೆ ಹೇಳುವ ಹಾಗೆ. “ಸಾಹೇಬರ ಸಹಿಯೂ ಇದೆ. ಫೈಲಿಂದ ಹಾಳೆ ಕೀಳೋದಾ? ಮೂವತ್ತೈದು ವರ್ಷ ಯಾಕೆ ಕೆಲಸ ಮಾಡಿದೆ ಹಾಗಾದ್ರೆ?”

ಹೊರಗಿನವನಿಗೆ ಸರ್ಕಾರಿ ಫೈಲು ಸಿಕ್ಕಿತು ಎಂದು ಬರೆದುಕೊಟ್ಟರೆ ಏನಾಗುತ್ತದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಬರೆದಿದ್ದರು: ಫೈಲು ನನ್ನ ವಶದಲ್ಲಿತ್ತು, ಬರೆದವರು ನನ್ನ ಮನೆಯ ಅತಿಥಿ, ತಪ್ಪು ನನ್ನದು, ಹೂಬೇಹೂಬು ಅನುವಾದ ಲಗತ್ತಿಸಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಫೈಲಿನ ದಾರದ ಮಾತನ್ನೂ ಬಿಡದೆ ಅನುವಾದಿಸಿದ್ದರು. ಅದನ್ನು ಓದುವಾಗ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಕೊನೆಗೆ ಇನ್ನೂ ಒಂದು ಪ್ಯಾರಾ ಇತ್ತು. ಮ್ಯಾನೇಜರರ ಕುರಿತ ಮೇಲಿನ ಅಭಿಪ್ರಾಯಕ್ಕೆ ಕೆಳಗೆ ಸಹಿ ಮಾಡಿರುವವರ ಸಹಮತವಿಲ್ಲ, ಒಂದು ಪೂರ್ಣ ಸೀಸನ್ ಕೊಡಬಹುದು.

ಅಲ್ಲಿಗೆ ನನ್ನ ಸಹನೆ ಮುಗಿಯಿತು. “ಸಾರ್, ನಿಮ್ಮ ಪ್ರಮೋಷನ್ ಹೋಗ್ತಾ ಇದೆ. ಈಗಲೂ ನಿಮಗೆ ಆ ಮ್ಯಾನೇಜರ್ ಚಿಂತೆನಾ?” ಎಂದು ಕೂಗಿದೆ. ಹಿರಿಯರ ಮುಂದೆ ಹಾಗೆ ಕೂಗಿದ್ದು ಅದೇ ಮೊದಲು.

“ಕೆಳಗೆ ಏನೂ ಬರೀದೆ ಕಳಿಸಿದ್ರೆ ನಾನು ಒಪ್ಪಿದೆ ಅಂತ ಅರ್ಥ ಆಗುತ್ತಲ್ರೀ,” ಎಂದರು ಅವರು. ಮತ್ತೆ ಪೆನ್ನಿನ ಕ್ಯಾಪು ತೆಗೆದು, ದಂಡಪಿಂಡಕ್ಕೆ ಏನು ಹಾಕೋಣ ಹೇಳಿ ಎಂದರು. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಮೆಮೊ ಬಂತು, ಎಚ್ಚರಿಕೆ ಬಂತು. ಸಮಿತಿ ಅವರ ಹೆಸರನ್ನು ಬದಿಗಿಟ್ಟು ಕೆಳಗಿನವನಿಗೆ ಬಡ್ತಿ ಕೊಟ್ಟಿತು. ಇವರೇ ನೋಟ್ ಬರೆಯಲು ಕಲಿಸಿದ ಹುಡುಗ, ಇವರ ಸೆಕ್ಷನ್ ಆಫೀಸರ್ ಆಗಿ ಪ್ಲೈವುಡ್ ಕ್ಯಾಬಿನ್ನಿನಲ್ಲಿ ಕೂತ. ಆಮೇಲೆ ಅವರು ರಿಟೈರಾಗುವವರೆಗೂ ಹುದ್ದೆ ಖಾಲಿ ಆಗಲಿಲ್ಲ. ಇನ್ನು ಆ ಮ್ಯಾನೇಜರ್, ಅವನಿಗೂ ಪೂರ್ಣ ಸೀಸನ್ ಸಿಗಲಿಲ್ಲ. ನವೆಂಬರಿನಲ್ಲಿ ಅಣ್ಣತಮ್ಮ ಅವನನ್ನು ಮನೆಗೆ ಕಳಿಸಿದರು. ಅವನ ಬದಲಿಗೆ ಬಂದವನ ಕೈಯಲ್ಲಿ ಕ್ಲಬ್ಬು ಕೆಳಗಿನ ದರ್ಜೆಗೇ ಜಾರಿತು. ಅಂದರೆ ಅವರು ಹೇಳಿದ್ದೇ ಸರಿಯಾಗಿತ್ತೋ ಏನೋ. ಅದು ನೆನಪಾದರೆ ನನಗೆ ಇನ್ನೂ ಉರಿಯುತ್ತದೆ.

ನಾನು ಆ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ಥೀಸಿಸ್ಸು ಎಂದೆ, ಜ್ವರ ಎಂದೆ. ಮರುವರ್ಷ ಘಾಜಿಯಾಬಾದಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಅಲ್ಲೇ ಮನೆ ಮಾಡಿದ ಮೇಲೆ ದೂರ ಎಂದೆ. ಶನಿವಾರ ಬೆಳಿಗ್ಗೆ ಅವರ ಫೋನು ಬರುತ್ತಿತ್ತು. ಮೊದಮೊದಲು ಎತ್ತಿ ನೆಪ ಹೇಳುತ್ತಿದ್ದೆ, ಆಮೇಲೆ ಎತ್ತುವುದನ್ನೂ ಬಿಟ್ಟೆ. ಮೆಸೇಜು ಕಳಿಸುತ್ತಿದ್ದರು: ‘ಇಂದು 5.15. ಟೀವಿಯಲ್ಲಿ ಇಲ್ಲ.’ ಉತ್ತರ ಬರೆಯಲಿಲ್ಲ. ಅವರು ಬೈದಿದ್ದರೆ ಹೋಗುತ್ತಿದ್ದೆನೇನೋ. ಬೈಯದ ಮನುಷ್ಯನ ಎದುರು ಅವಲಕ್ಕಿ ತಿನ್ನುತ್ತ ಹೇಗೆ ಕೂರುವುದು?

ಎರಡು ಸಾವಿರದ ಒಂಬತ್ತರಲ್ಲಿ ಅವರು ರಿಟೈರಾದರು. ಇಕ್ಬಾಲ್ ಘಾಜಿಯಾಬಾದಿಗೇ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಕ್ವಾರ್ಟರ್ಸು ಬಿಡಬೇಕಿತ್ತು, ಬೆಂಗಳೂರಿಗೆ ಹೊರಡಲು ಪೆಟ್ಟಿಗೆ ಕಟ್ಟಿದ್ದರು. ಮೋಡಾ ಒಂದು ಮಾತ್ರ ಹೊರಗಿತ್ತು, ಅದರ ಮೇಲೆ ಅವರಿದ್ದರು. “ಬನ್ರೀ ಸ್ಕಾಲರ್” ಎಂದರು, ಹೋದ ಶನಿವಾರ ಬಂದು ಹೋದವನನ್ನು ಕರೆಯುವ ಹಾಗೆ. ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆಂಟಿಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅಲ್ಲಿ ಹೇಳಿದೆ. ಅವರ ಪ್ರಮೋಷನ್ ನನ್ನಿಂದ ಹೋಯಿತು, ಯಾವ ಮುಖ ಇಟ್ಟುಕೊಂಡು ಬರಲಿ ಆಂಟಿ ಎಂದೆ.

ಆಂಟಿ ಡಬ್ಬಿಗೆ ಹಳೆ ಪೇಪರು ಸುತ್ತುತ್ತಿದ್ದವರು ನಿಲ್ಲಿಸಿದರು. “ಪ್ರಮೋಷನ್ನಿಗೆ ಅವರು ಒಂದು ವಾರ ಬೇಜಾರು ಮಾಡ್ಕೊಂಡ್ರು ಕಣೋ. ನಂಗೆ ಒಂದು ವರ್ಷ ಬೇಜಾರಿತ್ತು, ಅದೂ ಹೋಯ್ತು. ನೀನು ಮೂರು ವರ್ಷ ಒಂದು ಮೆಸೇಜಿಗೂ ಉತ್ತರ ಕೊಡಲಿಲ್ವಲ್ಲ, ಅದಕ್ಕೆ ಏನು ಹೇಳ್ತೀಯ?”

ಪತ್ರ ಬಂತು ಎಂದು ಹೇಳಲು ಏನು ಕಷ್ಟ ಎಂದು ಅವರು ಆ ಮಾಲೀಕರನ್ನು ಕೇಳುತ್ತಿದ್ದದ್ದು ನೆನಪಾಯಿತು. ಆ ಟೈರು ವ್ಯಾಪಾರದ ಅಣ್ಣತಮ್ಮನನ್ನು ದಂಡಪಿಂಡಗಳು ಎಂದು ಬರೆದವನು ನಾನು. ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ.

ಹೊರಗೆ ಅವರು ಫೈಲನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಅದೇ ಮ್ಯಾನೇಜರ್ ಫೈಲು, ಆದರೆ ಈಗ ಕವರಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ‘ಫುಟ್‌ಬಾಲ್’ ಎಂದು ಬರೆದಿತ್ತು. ಬಿಚ್ಚಿ ನನ್ನ ಕೈಗಿತ್ತರು. ಮೂರು ಸೀಸನ್ನಿನ ಪ್ರತಿ ಆಟಕ್ಕೂ ಒಂದು ಪುಟ. ಮೇಲೆ ಇಕ್ಬಾಲನ ನಾಲ್ಕು ಸಾಲು, ಕೆಳಗೆ ಅವರ ನೋಟು. ನಡುವೆ ಅರ್ಧ ಪುಟ ಖಾಲಿ. ಖಾಲಿ ಜಾಗದ ಬದಿಗೆ ಪ್ರತಿ ಸಲವೂ ಅದೇ ದುಂಡು ಅಕ್ಷರ: ‘ಸ್ಕಾಲರ್ ಅವರ ಅಭಿಪ್ರಾಯ ಬರಬೇಕಿದೆ.’ ನೂರಕ್ಕೂ ಹೆಚ್ಚು ಪುಟ. ಒಂದನ್ನೂ ಅವರು ಮುಚ್ಚಿರಲಿಲ್ಲ.

“ಬರೀರಿ. ಪೆಂಡಿಂಗ್ ಇಟ್ಟು ರಿಟೈರ್ ಆಗೋಕಾಗಲ್ಲ ನಂಗೆ,” ಎಂದು ಜೇಬಿನ ಎರಡು ಪೆನ್ನುಗಳಲ್ಲಿ ಒಂದನ್ನು ಕೊಟ್ಟರು.

ಕೊನೆಯ ಖಾಲಿ ಜಾಗದಲ್ಲಿ ‘ತುಂಬ ತಡವಾಯಿತು ಸಾರ್, ಕ್ಷಮಿಸಿ’ ಎಂದು ಬರೆದೆ. ಬೇರೇನೂ ಹೊಳೆಯಲಿಲ್ಲ, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಕನ್ನಡಕ ಹಣೆಯಿಂದ ಇಳಿಸಿ ಓದಿದರು. ಅದರ ಕೆಳಗೆ ‘ತಲುಪಿದೆ’ ಎಂದು ಬರೆದು ಸಹಿ ಮಾಡಿ ತಾರೀಖು ಹಾಕಿದರು. ಹಾಕಿ, ಫೈಲನ್ನು ಮತ್ತೆ ನನ್ನ ಕಡೆಗೇ ತಿರುಗಿಸಿ, ಇದು ಸರಿ, ಈಗ ಬಂದಿರುವ ಹೊಸ ಮ್ಯಾನೇಜರ್ ಬಗ್ಗೆ ಅಭಿಪ್ರಾಯ ಎಲ್ಲಿ ಎಂದರು.

ಆ ಕ್ಷಣದಲ್ಲಿ ಅವರು ಏನು ಕೇಳಿದ್ದರೂ ಕೊಡುತ್ತಿದ್ದೆ. ನಾಲ್ಕು ವರ್ಷದ ವಾದವನ್ನು ಅವರ ಪಾದಕ್ಕೆ ಹಾಕುವವನ ಹಾಗೆ ಬರೆದೆ: ‘ಒಂದು ಪೂರ್ಣ ಸೀಸನ್ ಕೊಡಬಹುದು.’

ಅವರು ಎರಡು ಸಲ ಓದಿದರು. ಇಕ್ಬಾ‌ಲನ ಕಡೆ ನೋಡಿದರು, ನನ್ನ ಕಡೆ ನೋಡಿದರು.

“ಇವನಿಗಾ?” ಎಂದರು. “ಇವನು ದಂಡಪಿಂಡ ಕಣ್ರೀ.”

ಮತ್ತು ಪೆನ್ನು ಇಸಿದುಕೊಂಡು ಕೆಳಗೆ ‘ಸಹಮತವಿಲ್ಲ’ ಎಂದು ಬರೆದು, ಕಾರಣ ಬರೆಯಲು ಹೊಸ ಹಾಳೆ ಪೋಣಿಸತೊಡಗಿದರು.